ಮೀನಿದ್ದ ದಿನ ಮಾತ್ರೆ

೧೧ ಮಾರ್ಚ್ ೨೦೦೯, ಬುಧವಾರ

ಐಸ್ ಪ್ಲಾಂಟಿನವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಎರಡು ತಿಂಗಳಿಂದ ಕಿಟಕಿ ಬಡಿಯದಂತೆ ಒತ್ತು ಕೊಡುವ ಕೆಲಸದಲ್ಲಿತ್ತು. ಇವತ್ತು ಅದಕ್ಕೆ ಬಡ್ತಿ. ಮಾತ್ರೆ ತೆಗೆದುಕೊಂಡದ್ದನ್ನು ದಿನಾ ಬರೆದಿಡಿ ಎಂದು ಡಾಕ್ಟರ್ ವಿನಯಾ ಹೇಳಿದ್ದಾರೆ. ಕನ್ನಡದಲ್ಲಿ ಬಿ.ಎ. ಮಾಡಿದವನಿಗೆ ಬರೆಯಲು ಹೇಳಬಾರದು. ಮತ್ತೆ ನಿಲ್ಲಿಸುವುದು ಕಷ್ಟ.

ಆದದ್ದು ಇಷ್ಟು. ಹೋದ ಭಾನುವಾರ ಕುಂದಾಪುರದಲ್ಲಿ ಉಚಿತ ರಕ್ತ ತಪಾಸಣೆ ಇತ್ತು. ಉಚಿತ ಎಂದರೆ ನನ್ನ ಕಾಲೇಜಿನ ಗೆಳೆಯ ಪರಮೇಶ್ವರ ಉಡುಪ ಶಂಕರನಾರಾಯಣದಿಂದ ಮೊದಲ ಬಸ್ಸಿಗೇ ಬರುತ್ತಾನೆ. ಅವನು ಅಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ನಾನು ಕೋಡಿಯಿಂದ ದೋಣಿ ದಾಟಿ ಹೋಗಿ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಏಲಂ ಕೂಗುವವನು. ಓದಿದ್ದು ಒಂದೇ ಬೆಂಚಿನಲ್ಲಿ. ಅವನು ಹಳಗನ್ನಡ ಮಾರುತ್ತಾನೆ, ಯಾರೂ ಕೊಳ್ಳುವುದಿಲ್ಲ. ನಾನು ಬಂಗುಡೆ ಮಾರುತ್ತೇನೆ, ಮುಗಿಬೀಳುತ್ತಾರೆ. ಪ್ರಾಸದ ಹುಚ್ಚು ಮಾತ್ರ ಇಬ್ಬರಿಗೂ ಸಮಪಾಲು.

ಇಬ್ಬರ ರಕ್ತದಲ್ಲೂ ಕೊಲೆಸ್ಟ್ರಾಲ್ ತುಂಬಿ ಉಕ್ಕುತ್ತಿದೆಯಂತೆ. ಇಬ್ಬರಿಗೂ ಒಂದೇ ಮಾತ್ರೆ. ದಿನಕ್ಕೊಂದು, ರಾತ್ರಿ ಊಟದ ಮೇಲೆ, ಬಿಡದೆ. ಡಾಕ್ಟರು ನನ್ನ ಅಕ್ಕನ ಮಗಳ ವಯಸ್ಸಿನವರು. ಕಣ್ಣು ಮಾತ್ರ ನನ್ನ ಅಜ್ಜಿಯದ್ದು.

"ತಂದೆ ಇದ್ದಾರಾ?"

"ಇಲ್ಲೆ. ನಲವತ್ತಾರಕ್ಕೆ ಹೋದ್ರ್. ಬಲೆ ಎಳೀತಾ ಇದ್ದಿರ್, ಒಂಚೂರ್ ಕೂಕಂತೆ ಅಂದ್ರ್, ಮತ್ತೆ ಏಳ್ಲಿಲ್ಲ."

"ನಿಮಗೀಗ ಎಷ್ಟು?"

"ನಲವತ್ತಾರ್."

ಅವರ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು.

ಮನೆಗೆ ಬಂದು ಕ್ಯಾಲೆಂಡರ್ ತಿರುವಿದೆ. ಅಪ್ಪಯ್ಯ ಬದುಕಿದ ಅಷ್ಟೂ ದಿನಗಳನ್ನು ನಾನು ಬರುವ ನವೆಂಬರ್ ಹದಿನೇಳಕ್ಕೆ ಬದುಕಿ ಮುಗಿಸುತ್ತೇನೆ. ಹದಿನೆಂಟರಿಂದ ನಾನೇ ಹಿರಿಯ; ಅಪ್ಪಯ್ಯ ನನ್ನ ಕಾಲು ಹಿಡಿಯಬೇಕಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿ ವನಜಳಿಗಂತೂ ಇಲ್ಲ. ಅವಳು ಹೆದರುತ್ತಾಳೆ. ನಾನು ಹೆದರಲಿಲ್ಲ, ಸುಮ್ಮನೆ ತಿರುವಿದ್ದು.

೧೪ ಮಾರ್ಚ್, ಶನಿವಾರ

ಇವತ್ತು ಮಾತ್ರೆ ಇಲ್ಲ. ಮರೆತದ್ದಲ್ಲ, ಯೋಚಿಸಿ ಬಿಟ್ಟದ್ದು.

ನಮ್ಮ ಮನೆಯಲ್ಲಿ ಸೋಮವಾರ ಶಿವನಿಗೆ, ಶನಿವಾರ ಶನಿಗೆ, ಸಂಕ್ರಾಂತಿ ಯಾರಿಗೋ, ಮೀನು ಬೇಯುವುದಿಲ್ಲ. ವನಜಳ ಅಮ್ಮನ ಕಾಲದಿಂದ ನಡೆದು ಬಂದದ್ದು. ಅಪ್ಪಯ್ಯ ಮೂರು ಹೊತ್ತೂ ಮೀನು ತಿಂದರು, ಹೋದರು. ಹಾಗಾದರೆ ಕೊಲೆಸ್ಟ್ರಾಲ್ ಎಂಬುದು ಮೀನಿನ ಬೆನ್ನೇರಿ ಬರುವ ಭೂತ. ಮೀನು ತಿಂದ ದಿನ ದಂಡ ಕಟ್ಟಬೇಕು, ಸರಿ. ತಿನ್ನದ ದಿನ ಯಾರಿಗೆ ದಂಡ?

ಮೀನಿದ್ದ ದಿನ ಮಾತ್ರೆ,
ಮೀನಿಲ್ಲದ ದಿನ ಜಾತ್ರೆ.

ಊಟಕ್ಕೆ ಕೂತಾಗ ವನಜಳಿಗೆ ಇದನ್ನು ರಾಗವಾಗಿ ಹೇಳಿದೆ.

"ಡಾಕ್ಟ್ರ್ ದಿನಾ ಅಂದದ್ದಲ್ದಾ?"

"ದಿನಾ ಮೀನ್ ತಿಂಬವ ಅಂದ್ಕಂಡ್ ಹೇಳಿದ್ದ್."

"ಅವ್ರ್ ಎಷ್ಟ್ ವರ್ಷ ಓದಿರ್? ನೀವ್ ಎಷ್ಟ್ ದಿನ ಆಲೋಚ್ನೆ ಮಾಡ್ರಿ?"

"ಮೂರ್ ದಿನ."

"ಸಾಕಲೆ ಹಾಂಗಾರೆ," ಎಂದು ನನ್ನ ಬಟ್ಟಲಿಗೆ ಹುರುಳಿ ಸಾರು ಸುರಿದಳು. ಸೌಟು ಸ್ವಲ್ಪ ಎತ್ತರದಿಂದಲೇ ಬಂತು.

೨೯ ಮಾರ್ಚ್, ಭಾನುವಾರ

ಶಾಸ್ತ್ರದಲ್ಲಿ ತೊಡಕು ಬಂದಿದೆ. ನಿನ್ನೆ ಶನಿವಾರವಾದರೂ ನಾನು ಮೀನು ಮಾರುವ ನಾಗಕ್ಕನ ಅಂಗಳದಲ್ಲಿ ಒಣಗಲು ಹಾಕಿದ್ದ ಚಟ್ಲಿ ಸಿಗಡಿಯನ್ನು ನಾಲ್ಕು ಬಾಯಿಗೆ ಹಾಕಿಕೊಂಡೆ. ಒಣಮೀನು ಮೀನು ಹೌದೇ? ನೀರೆಲ್ಲ ಹೋಗಿದೆ, ಜೀವ ಮೊದಲೇ ಹೋಗಿದೆ. ಅರ್ಧ ಮೀನು ಎಂದು ತೀರ್ಪು ಕೊಟ್ಟೆ. ಅರ್ಧ ಮೀನಿಗೆ ಅರ್ಧ ಮಾತ್ರೆ.

ಮಾತ್ರೆ ತುಂಡು ಮಾಡಲು ಅತ್ತೆಯ ಅಡಕತ್ತರಿ ತೆಗೆದೆ. ಒಂದರ್ಧ ನನ್ನ ಬಾಯಿಗೆ ಬಂತು, ಇನ್ನೊಂದರ್ಧ ಚಿಮ್ಮಿ ಅಂಗಳಕ್ಕೆ ಬಿತ್ತು. ಪಕ್ಕದ ಮನೆಯ ಕೋಳಿ ನುಂಗಿತು. ಆ ಕೋಳಿಗೆ ಇನ್ನು ಹೃದಯಾಘಾತವಿಲ್ಲ. ಇವತ್ತು ಭಾನುವಾರ, ಬೇರೆ ಆಘಾತ ಕಾದಿದೆ.

ಇನ್ನೊಂದು ವಿಷಯ, ಇಲ್ಲಿ ಮಾತ್ರ ಬರೆಯಬಹುದು. ವನಜಳ ಸಾರಿಗೆ ಉಪ್ಪು ಹೆಚ್ಚು. ಇಪ್ಪತ್ತೊಂದು ವರ್ಷವಾಯಿತು, ಹೇಳುವ ಧೈರ್ಯ ಬಂದಿಲ್ಲ.

೧೧ ಏಪ್ರಿಲ್, ಶನಿವಾರ

ಉಡುಪ ಬಂದಿದ್ದ. ಚಾವಡಿಯಲ್ಲಿ ಕೂತು ಎಳನೀರು ಕುಡಿದು ಮಾತ್ರೆಯ ಮೇಲೆ ದೂರು ಹೇಳಿದ.

"ನಾಲಿಗೆಗೆ ರುಚಿ ಇಲ್ಲೆ, ಮೈಗೆ ನೋವ್ ಇಲ್ಲೆ, ಇದೆಂತ ಕಾಯ್ಲೆ ಮಾರಾಯ? ಕಾಯ್ಲೆ ಇಪ್ಪುದ್ ಕಾಗದದೊಳ್ಗೆ, ಮದ್ದ್ ಮಾತ್ರ ಹೊಟ್ಟಿಗೆ."

"ನೀನ್ ಎಂತಕ್ಕೆ ತಿಂತೆ? ಮೀನ್ ಮುಟ್ಟದವ," ಎಂದು ನನ್ನ ಶಾಸ್ತ್ರವನ್ನು ಅವನಿಗೆ ಬಿಡಿಸಿ ಹೇಳಿದೆ. ಅವನ ಕಣ್ಣು ಅರಳಿತು. ಮೂವತ್ತು ವರ್ಷಗಳಲ್ಲಿ ಅವನು ನನ್ನ ಮಾತನ್ನು ಒಪ್ಪಿದ್ದು ಇದೇ ಮೊದಲು.

ಒಳಗಿನಿಂದ ವನಜ, "ಉಡುಪ್ರಿಗೆ ಎಂತಕ್ಕೆ ಕಲ್ಸ್ತ್ರಿ? ಅವ್ರ್ ಡಾಕ್ಟ್ರನ್ನೇ ಕೇಣ್ಲಿ," ಎಂದಳು. ಇಬ್ಬರು ಪದವೀಧರರ ಚರ್ಚೆಯಲ್ಲಿ ಅಡುಗೆಮನೆಯ ತಿದ್ದುಪಡಿಗೆ ಜಾಗವಿಲ್ಲವೆಂದು ನಕ್ಕೆವು.

ಅವನು ಹೋದ ಮೇಲೆ ಇನ್ನೂ ಚೆನ್ನಾಗಿ ಹೇಳಬಹುದಿತ್ತು ಅನ್ನಿಸಿ ಒಂದು ಕಾರ್ಡು ಬರೆದು ಹಾಕಿದೆ:

ಸೊಪ್ಪು ತಿನ್ನುವ ಉಡುಪನಿಗೆ ಮಾತ್ರೆ ಯಾತಕೆ?
ತಪ್ಪು ಮಾಡದ ಮನುಷ್ಯನಿಗೆ ದಂಡ ಯಾತಕೆ?

ಆದಿಪ್ರಾಸ ಹೇಗೆ ಕೂತಿದೆ! ಈ ವರ್ಷ ಬರೆದದ್ದರಲ್ಲಿ ಇದೇ ಉತ್ತಮ.

೧೭ ಏಪ್ರಿಲ್, ಶುಕ್ರವಾರ

ಉಡುಪನ ಕಾರ್ಡು ಬಂತು. "ನುಂಗುವುದ ಬಿಟ್ಟೆ, ನಿನ್ನ ಮಾತಿಗೆ ಬೆಲೆ ಕೊಟ್ಟೆ."

ಪ್ರಾಸ ಸಾಧಾರಣ. ಭಾವ ಉತ್ತಮ.

೯ ಮೇ, ಶನಿವಾರ

ವಿಚಿತ್ರ. ವನಜ ಶನಿವಾರ ಬೈಗೆ ಮೀನಿನ ಸಾರು ಮಾಡಿದ್ದಾಳೆ. ತಟ್ಟೆ ನೋಡಿ ಕ್ಯಾಲೆಂಡರ್ ನೋಡಿದೆ, ಕ್ಯಾಲೆಂಡರ್ ನೋಡಿ ತಟ್ಟೆ ನೋಡಿದೆ.

"ಇವತ್ತ್ ಶನಿವಾರ ಅಲ್ದಾ?"

"ಹೌದ್. ತಾಜಾ ಮೀನ್ ಸಿಕ್ಕಿತ್ತ್. ಉಣ್ಣಿ."

"ನಿಂಗೆ?"

"ನಂಗೆ ಗಂಜಿ ಸಾಕ್."

ಹೋದ ಸೋಮವಾರವೂ ಹೀಗೇ ಆಯಿತು. ತಾನು ಗಂಜಿ, ಉಪ್ಪಿನಕಾಯಿ, ನನಗೆ ಮೀನು. ಇದ್ಯಾವ ಹೊಸ ವ್ರತವೋ. ಮೀನು ಬಿದ್ದ ಮೇಲೆ ಶಾಸ್ತ್ರದಂತೆ ಮಾತ್ರೆ ನುಂಗಲೇಬೇಕು, ನುಂಗಿದೆ. ಈ ಲೆಕ್ಕದಲ್ಲಿ ನನಗೆ ಜಾತ್ರೆಯೇ ಇಲ್ಲದಂತಾಯಿತು.

೧೬ ಜೂನ್, ಮಂಗಳವಾರ

ನಿನ್ನೆಯಿಂದ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡದಲ್ಲಿ, ನನ್ನ ಗಂಟಲು ಗೂಡಿನಲ್ಲಿ. ಮಾತ್ರೆಗೂ ರಜೆ ಎಂದುಕೊಂಡಿದ್ದೆ. ಆದರೆ ವನಜ ದಿನಾ ಒಣಚಟ್ಲಿಯ ಚಟ್ನಿ ಅರೆಯುತ್ತಿದ್ದಾಳೆ. ದಿನಾ ಅರ್ಧ ಮಾತ್ರೆಯ ಕಾಟ. ಅಡಕತ್ತರಿಯನ್ನು ನಾನು ಹುಡುಕುವ ಮೊದಲೇ ತಟ್ಟೆಯ ಪಕ್ಕ ಇಟ್ಟಿರುತ್ತಾಳೆ.

ಇತ್ತೀಚೆಗೆ ಅವಳ ಸಾರಿಗೆ ಉಪ್ಪು ಹದವಾಗಿದೆ. ವಯಸ್ಸಾದಂತೆ ಕೈ ಪಳಗುತ್ತದೆ, ಯಾರೂ ಹೇಳಬೇಕಾಗಿಲ್ಲ.

೨೬ ಜುಲೈ, ಭಾನುವಾರ

ಉಡುಪನಿಗೆ ಹಾರ್ಟ್ ಅಟ್ಯಾಕ್. ಬೆಳಿಗ್ಗೆ ಬಾವಿಯಿಂದ ನೀರು ಸೇದುವಾಗ. ಮಣಿಪಾಲಕ್ಕೆ ಒಯ್ದಿದ್ದಾರೆ. ಅವನ ಹೆಂಡತಿ ಶ್ರೀಲತಮ್ಮ ಫೋನ್ ಮಾಡಿದ್ದರು.

೨೭ ಜುಲೈ, ಸೋಮವಾರ

ಐಸಿಯು ಒಳಗೆ ಐದು ನಿಮಿಷ ಬಿಟ್ಟರು. ಉಡುಪ ಒಣಗಲು ಹಾಕಿದ ಮೀನಿನಂತೆ ಮಲಗಿದ್ದ. ಮೂಗಿಗೆ ಕೊಳವೆ.

"ಸೂರ, ಒಳ್ಗೆ ಎರಡ್ ಸ್ಪ್ರಿಂಗ್ ಹಾಕಿರ್ ಮಾರಾಯ," ಎಂದ. ನಗಲಿಲ್ಲ.

ಶ್ರೀಲತಮ್ಮ ಅವನ ತಲೆಯ ಹತ್ತಿರ ನಿಂತಿದ್ದರು. "ಮಾತ್ರೆ ಯಾವಾಗ ಬಿಟ್ಟದ್ದ್, ಎಂತಕ್ಕೆ ಬಿಟ್ಟದ್ದ್ ಅಂದ್ ಇಲ್ಲಿ ಡಾಕ್ಟ್ರ್ ಮೂರ್ ಸಲ ಕೇಂಡ್ರ್. ಯಾರಾರೂ ಹೇಳಿರಾ ಬಿಡುಕೆ?"

ಉಡುಪ ನನ್ನ ಕಡೆ ನೋಡಲೇ ಇಲ್ಲ. "ಯಾರೂ ಹೇಳ್ಲಿಲ್ಲೆ. ಮರ್ತೋಯ್ತ್," ಎಂದ.

ಸಾವಿರ ಷಟ್ಪದಿ ಬಾಯಿಪಾಠ ಇರುವ ಮನುಷ್ಯ.

ನಾನು ಬಾಯಿ ತೆರೆಯಬಹುದಿತ್ತು. ನರ್ಸು ಬಂದು ಸಮಯವಾಯಿತು ಎಂದರು. ನರ್ಸಿಗೆ ಕೈ ಮುಗಿಯಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಬಸ್ಸಿನಲ್ಲಿ ಬ್ರಹ್ಮಾವರ ದಾಟುವವರೆಗೂ ತಲೆ ಎತ್ತಲಿಲ್ಲ.

ಮನೆಗೆ ಬಂದು ಮಾತ್ರೆ ನುಂಗಿದೆ. ಊಟಕ್ಕೆ ಏನಿತ್ತು, ನೆನಪಿಲ್ಲ.

೩೦ ಜುಲೈ, ಗುರುವಾರ

ಉಳಿದ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ವಿನಯಾ ಅವರ ಮೇಜಿನ ಮೇಲೆ ಸುರಿದೆ. ಅರ್ಧ ಮಾಡಿದವೂ ಇದ್ದವು. ಶಾಸ್ತ್ರವನ್ನೂ ಹೇಳಿದೆ, ಪ್ರಾಸ ಬಿಟ್ಟು.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ನಿಮ್ಮ ಲಿವರ್ ಸೋಮವಾರ, ಶನಿವಾರ ಮಾಡತ್ತಾ?" ಎಂದರು.

"ಅಂದ್ರೆ?"

"ಕೊಲೆಸ್ಟ್ರಾಲ್ ಬಹುಪಾಲು ತಯಾರಾಗೋದು ಅಲ್ಲಿ. ನಿಮ್ಮೊಳಗೇ. ಅದಕ್ಕೆ ಸಂಕ್ರಾಂತಿ ಇಲ್ಲ, ಮಳೆಗಾಲದ ರಜೆ ಇಲ್ಲ. ಮೀನು ಪಾಪದ್ದು, ಅದನ್ನ ಬಿಟ್ಬಿಡಿ. ನಿಮಗೆ ಇದು ತಂದೆಯಿಂದ ಬಂದಿರ್ಬಹುದು. ನಿಮ್ಮ ಸ್ನೇಹಿತರಿಗೆ ಸಕ್ಕರೆ ಕಾಯಿಲೆನೂ ಇತ್ತು. ದಿನಾ ಅಂದ್ರೆ ದಿನಾ."

ಕೇಳಬೇಕಾದ್ದನ್ನು ಕೇಳಿದೆ. "ಅವ ಬಿಟ್ಟದ್ರಿಂದಲೇ ಆದದ್ದಾ?"

"ಹಾಗೆ ಹೇಳ್ಲಿಕ್ಕಾಗಲ್ಲ. ತೆಗೊಂಡಿದ್ರೂ ಆಗ್ಬಹುದಿತ್ತು. ತೆಗೊಂಡಿದ್ರೆ ಆಗದೇ ಇರೋ ಸಂಭವ ಹೆಚ್ಚಿತ್ತು, ಅಷ್ಟೇ."

ಏಲಂನಲ್ಲಿ ಇಂಥದ್ದು ನಡೆಯುವುದಿಲ್ಲ. ಮೂರು ಸಲ ಕೂಗಿದ ಮೇಲೆ ಬುಟ್ಟಿ ಯಾರಾದರೊಬ್ಬರ ಪಾಲಾಗಲೇಬೇಕು. ಈ ಬುಟ್ಟಿಯನ್ನು ಅವರು ನೆಲದ ಮೇಲೆಯೇ ಬಿಟ್ಟರು. ನಾನೇ ಹೊತ್ತು ತಂದೆ.

೧೨ ಆಗಸ್ಟ್, ಬುಧವಾರ

ಬಂದರು ಮತ್ತೆ ಶುರು. ಮೊದಲ ಬೋಟಿನಲ್ಲಿ ಬಂಗುಡೆ ರಾಶಿ. ಪ್ರತಿ ವರ್ಷ ಈ ದಿನ "ಬಂಗುಡೆ ಬಂತು ಬುಟ್ಟಿಗೆ, ಬಾಯಿ ಬಿಡಿ ಗಟ್ಟಿಗೆ" ಎಂದು ಶುರು ಮಾಡುತ್ತೇನೆ, ಜನ ಕಾಯುತ್ತಾರೆ. ಇವತ್ತು ದರ ಹೇಳಿದೆ, ಮೂರು ಸಲ ಕೂಗಿದೆ, ಕೊಟ್ಟೆ. ಬೇಗ ಮುಗಿಯಿತು.

ನಾಗಕ್ಕ ಬುಟ್ಟಿ ಎತ್ತದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹ್ವಾಯ್ ಸೂರಣ್ಣ, ಬಾಯಿಗೆ ಎಂತ ಬೀಗ ಹಾಕಿರ್ಯಾ? ಬ್ಯಾಂಕಿನವ್ರ ಹಾಂಗೆ ಕೂಗ್ತ್ರಿ! ಪದ್ಯ ಇಲ್ದಿರ್ ಬಂಗುಡಿ ತಕಂಡ್ ಹೋರೆ ಸಾರೇ ಕೂಡುದಿಲ್ಲೆ."

ಗಂಟಲು ಸರಿಯಿಲ್ಲ ಎಂದೆ.

೨೩ ಆಗಸ್ಟ್, ಭಾನುವಾರ

ನಿನ್ನೆ ಶಂಕರನಾರಾಯಣಕ್ಕೆ ಹೋಗಿದ್ದೆ. ಉಡುಪ ಮನೆಗೆ ಬಂದು ಎರಡು ವಾರವಾಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಬಂದ್ಯಾ?" ಎಂದ, ತಿರುಗಲಿಲ್ಲ.

ಜಗಲಿಗೆ ಬಂದು ಶ್ರೀಲತಮ್ಮನಿಗೆ ಹೇಳಿಯೇಬಿಟ್ಟೆ. "ಮಾತ್ರೆ ಬಿಡ್ ಅಂದದ್ದ್ ನಾನ್."

"ಗೊತ್ತಿತ್ತ್," ಎಂದರು. ಪಂಚಾಂಗದ ನಡುವಿನಿಂದ ನನ್ನ ಕಾರ್ಡು ತೆಗೆದು ಕೈಗಿಟ್ಟರು. "ಅಟ್ಯಾಕ್ ಆದ ದಿನವೇ ಸಿಕ್ಕಿತ್ತ್. ಅಕ್ಷರ ಚಂದ ಇತ್ತ್ ನಿಮ್ದ್."

ಬೈದಿದ್ದರೆ ಬಚಾವಾಗುತ್ತಿದ್ದೆ. ಸೊಪ್ಪು, ತಪ್ಪು. ಹೇಗೆ ಕೂತಿತ್ತು ಆ ಪ್ರಾಸ.

"ಈಗ ಏಳ್ ಮಾತ್ರೆ ಕೊಟ್ಟಿರ್," ಎಂದು ಅವರೇ ಮುಂದುವರಿಸಿದರು. "ಕೈಗೆ ಇಟ್ರೆ ನುಂಗ್ದ ಹಾಂಗೆ ಮಾಡಿ ಕಿಟಕಿಯಂದ ಹೊರ್ಗ್ ಹಾಕ್ತ್ರ್. ನಾನ್ ಹೇಳ್ರೆ ಕೇಂತಿಲ್ರ್. ಬಿಡ್ಸಿದ್ದ್ ನೀವ್. ನುಂಗ್ಸುದೂ ನೀವೇ."

ಮಾತ್ರೆಗಳ ತಟ್ಟೆ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮಂಚದ ಹತ್ತಿರ ನಿಂತೆ. "ಎಂತಕ್ಕೆ ನುಂಗುದಿಲ್ಲ ನೀನ್?"

"ನುಂಗುವಾಗೆಲ್ಲ ಆ ಬಾವಿಕಟ್ಟೆ ನೆನಪಾತ್ತ್ ಮಾರಾಯ," ಎಂದ ಗೋಡೆಗೆ.

ಒಂದು ಪದ್ಯ ಹೇಳಿ ನಗಿಸೋಣವೆಂದು ಬಾಯಿ ತೆರೆದೆ. ಒಂದಕ್ಷರ ಬರಲಿಲ್ಲ. ಆಮೇಲೆ ಬಾಯಿ ತನ್ನಷ್ಟಕ್ಕೆ ತಾನು, ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಮಾಡಿತು.

"ಹ್ವಾಯ್, ಇಲ್ಲ್ ಕಾಣಿ! ಬೆಳ್ಳಗೆ ಇತ್ತ್, ಮುಳ್ಳಿಲ್ಲೆ, ವಾಸ್ನೆ ಇಲ್ಲೆ, ಇವತ್ತೇ ಬಂದದ್ದ್! ಯಾರ್ ತಕಂತ್ರಿ? ಕೂಗಿ, ಕೂಗಿ!"

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಉಡುಪ ಮೆಲ್ಲಗೆ ಈ ಕಡೆ ತಿರುಗಿದ.

"ಎಂತಕ್ಕೆ ಕೊಡ್ತೆ?"

"ನಿನ್ನ ಹಳಗನ್ನಡ ನೋಟ್ಸಿಗೆ."

"ನಷ್ಟ ಮಾರಾಯ ನಿಂಗೆ."

"ಒಂದ್ ಸಲ... ಎರಡ್ ಸಲ..."

ಉಡುಪ ಕೈ ಚಾಚಿದ. "ಮೂರ್ ಸಲ!" ಎಂದೆ. ನುಂಗಿದ. ಏಳು ಮಾತ್ರೆ, ಏಳು ಏಲಂ. ಮುಗಿಯುವಾಗ ನನ್ನ ಕೊನೆಯ ಬಸ್ಸು ಹೋಗಿತ್ತು. ಅವರಲ್ಲೇ ಮಜ್ಜಿಗೆ ಅನ್ನ ಉಂಡು ಚಾವಡಿಯಲ್ಲಿ ಮಲಗಿದೆ. ನನ್ನ ಮಾತ್ರೆ ಅಂಗಿಯ ಕಿಸೆಯಲ್ಲಿತ್ತು.

೧೦ ಸೆಪ್ಟೆಂಬರ್, ಗುರುವಾರ

ದಿನಾ ರಾತ್ರಿ ಎಂಟಕ್ಕೆ ಫೋನು. ಅವನು ಅಲ್ಲಿ ಬ್ಯಾಟರಿ ಸೆಲ್ಲಿನ ಹಾಗೆ ಮಾತ್ರೆಗಳನ್ನು ಸಾಲಾಗಿ ಇಟ್ಟುಕೊಂಡಿರುತ್ತಾನೆ, ನಾನು ಇಲ್ಲಿ ಒಂದನ್ನು. ಮೂರನೇ ಕೂಗಿಗೆ ಇಬ್ಬರೂ ನುಂಗುವುದು. ಪಕ್ಕದ ಮನೆಯವರು ನನಗೆ ತಲೆ ಕೆಟ್ಟಿದೆ ಎಂದು ವನಜಳ ಹತ್ತಿರ ಮೆಲ್ಲಗೆ ವಿಚಾರಿಸಿದರಂತೆ. "ಈಗ ಸರಿ ಆಯ್ತ್," ಎಂದಳಂತೆ.

ಸೋಣೆ ತಿಂಗಳ ವ್ರತ, ಮನೆಯಲ್ಲಿ ಮೀನಿಲ್ಲ. ಶನಿವಾರದ ಮೀನನ್ನೂ ವನಜ ನಿಲ್ಲಿಸಿಬಿಟ್ಟಿದ್ದಾಳೆ, ಸೋಮವಾರದ್ದನ್ನೂ. ಯಾಕೆಂದು ಕೇಳಿದರೆ "ಇನ್ ಬ್ಯಾಡ" ಎಂದಳು. ಹೆಂಗಸರ ವ್ರತ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೋ ತಿಳಿಯುವುದಿಲ್ಲ.

೫ ಅಕ್ಟೋಬರ್, ಸೋಮವಾರ

ಎಂಟು ಗಂಟೆ. ಆಯಿತು. ಇಬ್ಬರದ್ದೂ.

೧೮ ನವೆಂಬರ್, ಬುಧವಾರ

ಇವತ್ತು "ಒಂದ್ ಸಲ, ಎರಡ್ ಸಲ, ಮೂರ್ ಸಲ" ಎಂದು ನುಂಗಿದೆ. ಆ ಕಡೆಯಿಂದ ಸದ್ದಿಲ್ಲ.

"ಉಡುಪ?"

ಇಲ್ಲ.

"ಏಯ್ ಉಡುಪ! ಶ್ರೀಲತಮ್ಮ!"

ನಾಲ್ಕು ಉಸಿರು ಎಣಿಸಿದೆ. ಇನ್ನೂ ಗಟ್ಟಿಯಾಗಿ ಕೂಗಿದೆ.

"ಬೊಬ್ಬೆ ಹೊಡೀಬ್ಯಾಡ ಮಾರಾಯ, ನೀರ್ ತರುಕೆ ಹೋಯಿದ್ದೆ. ಎಲ್ಲಿಗ್ ಬಂತ್ ಏಲಂ?"

"ಮುಗೀತ್."

"ಯಾರಿಗಾಯ್ತ್?"

"ನಿಂಗೇ ಮಾರಾಯ. ನಿಂಗೇ."

"ಹಾಂಗಾರೆ ಇನ್ನೊಂದ್ ಸಲ ಕೂಗ್. ಸಪ್ಪೆ ಕೂಗ್ ಬ್ಯಾಡ. ಬಂಗುಡಿದ್ದ್ ಹೇಳ್."

ಹೇಳಿದೆ. ಬುಟ್ಟಿಗೆ, ಗಟ್ಟಿಗೆ, ಎರಡೂ ಇದ್ದಲ್ಲೇ ಇದ್ದವು. ಅವನು ಅಲ್ಲಿ ಬಾಯಿಬಿಟ್ಟು ನಕ್ಕದ್ದು ಇಲ್ಲಿಗೆ ಕೇಳಿಸಿತು.

ಫೋನಿಟ್ಟು ಬಂದು ನೋಡಿದರೆ ತಟ್ಟೆಯ ಪಕ್ಕ ಒಂದು ಲೋಟ ಹೆಸರುಬೇಳೆ ಪಾಯಸ. ಹಬ್ಬವಿಲ್ಲ, ನೆಂಟರಿಲ್ಲ.

"ಇದೆಂತಕ್ಕೆ?"

"ನಿನ್ನೆ ಹದ್ನೇಳ್ ದಾಟ್ತಲೆ," ಎಂದಳು ವನಜ, ನನ್ನ ಮುಖ ನೋಡದೆ.

ಒಂದು ಗಳಿಗೆ ಏನೆಂದು ಹೊಳೆಯಲಿಲ್ಲ. ಹೊಳೆದಾಗ ಲೋಟ ಕೆಳಗಿಟ್ಟೆ. ಮರೆತೇಬಿಟ್ಟಿದ್ದೆ. ನಿನ್ನೆ ಇಡೀ ದಿನ ಉಡುಪನಿಗೆ ಕೆಮ್ಮು ಬಂದದ್ದರ ಚಿಂತೆಯಲ್ಲಿದ್ದೆ.

ಆದರೆ ಹದಿನೇಳರ ವಿಷಯ ನಾನು ಈ ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

"ವನಜ, ನೀನ್ ಇದನ್ನ ಓದ್ತ್ಯಾ?"

"ಕಿಟಕಿಗೆ ಒತ್ತ್ ಕೊಟ್ಟ ಪುಸ್ತಕ, ಗಾಳಿಗೆ ಹಾಳೆ ಬಿಡ್ಸ್ಕಂತ್ತ್," ಎಂದಳು. "ಶನಿವಾರ ನಾನ್ ಮೀನ್ ಮಾಡಿದ್ದ್ ಎಂತಕ್ಕೆ ಅಂದ್ಕಂಡ್ರಿ? ನಂಗೆ ಮರ್ಲಾ? ಮೀನ್ ಇಲ್ದಿರೆ ನೀವ್ ಮಾತ್ರೆ ಮುಟ್ಟುದಿಲ್ಲೆ. ಶನಿದೇವ್ರಿಗೆ ತಪ್ಪ್ ಕಾಣ್ಕಿ ಹಾಕ್ದೆ, ಅವ್ರ್ ಸುಮ್ನಾದ್ರ್. ನಿಮ್ಮನ್ನ್ ಸುಮ್ನ್ ಮಾಡುದೇ ಕಷ್ಟ."

ಮೇ ತಿಂಗಳ ಪುಟ ತೆಗೆದು ಓದಿದೆ. ಜೂನಿನದ್ದೂ. ತಟ್ಟೆಯ ಪಕ್ಕ ಅಡಕತ್ತರಿ. ಸಾರಿಗೆ ಹದವಾದ ಉಪ್ಪು. ತಾನು ಗಂಜಿ, ನನಗೆ ಮೀನು. ಕನ್ನಡ ಬಿ.ಎ., ಎರಡನೇ ದರ್ಜೆ.

ಅವಳೀಗ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಎದುರಿಗೆ ಹೇಳಲು ಇವತ್ತೂ ಧೈರ್ಯ ಬರಲಿಲ್ಲ. ಆದ್ದರಿಂದ, ವನಜಾ, ಇಲ್ಲೇ ಓದಿಕೋ: ಪಾಯಸಕ್ಕೆ ಬೆಲ್ಲ ಒಂಚೂರು ಕಡಿಮೆಯಾಗಿತ್ತು. ನಾಳೆ ಸರಿಮಾಡು. ನಾಳೆಯೂ ನಾನು ಉಣ್ಣುವುದಕ್ಕೆ ಇರುತ್ತೇನೆ.